ಗೂಬೆಯ ಕೊನೆಯ ತಿದ್ದುಪಡಿ

ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು, ಕರ್ರ್ ಎಂದು, ಎತ್ತಿಟ್ಟರೆ ಇವರ ಕೈ ಏನು ಸವೆದುಹೋಗುತ್ತದಾ, ಎಂದು ಗೊಣಗಿಕೊಂಡ ಅವಳ ಕಣ್ಣು ಮತ್ತೆ ಪರದೆಗೇ ಬಂತು, ಒಂದೇ ಒಂದು ಸಾಲು, ಕೆಂಪು ಬಣ್ಣದಲ್ಲಿ, ಅಂದರೆ ಅಳಿಸಬೇಕಾದ ಸಾಲು — ‘ಅಣಿ’ ಅನ್ನುವ ತಂತ್ರಾಂಶವನ್ನು ನೋಡಿಕೊಳ್ಳುವವರು ಇಬ್ಬರೇ, ಅವಳು ಮತ್ತು ಗೂಬೆ, ಆ ಗೂಬೆ ನೋಡಿಕೊಳ್ಳುವವರ ಪಟ್ಟಿಯಿಂದ ತಮ್ಮ ಹೆಸರನ್ನು ತಾವೇ ಅಳಿಸಿ ಕಳಿಸಿದ್ದಾರೆ, ಕೆಳಗೊಂದು ಮಾತು, ಕಣ್ಣು ಪೂರ್ತಿ ಮಂಜಾಯ್ತು ತಾಯಿ, ಇನ್ನು ಕಾಣದೆ ಕೈಯಾಡಿಸಿದ್ರೆ ಊರವರ ಸರ್ವರ್ ಎಲ್ಲ ಮಗುಚಿ ಹಾಕ್ತೀನಿ, ನನ್ನನ್ನ ಬಿಟ್ಟುಬಿಡು. ಬಿಟ್ಟುಬಿಡಬೇಕಂತೆ, ಎಷ್ಟು ಸಲೀಸು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಅವರಿಗೆ ಅವಳಪ್ಪನ ವಯಸ್ಸು, ಗೂಬೆ ಅನ್ನುವ ಹೆಸರೂ ತಾವೇ ಇಟ್ಟುಕೊಂಡದ್ದು, ಆದರೂ ಆ ಮನುಷ್ಯ ನೋಡದೆ ಅವಳ ಒಂದು ಸಾಲೂ ಹೊರಗೆ ಹೋಗಿಲ್ಲ — ನೂರು ಸರ್ವರ್ ಇರಲಿ ಸಾವಿರ ಇರಲಿ, ಯಾವುದರಲ್ಲಿ ಏನಿರಬೇಕು ಎಂದು ಒಂದು ಸಲ ಬರೆದುಕೊಟ್ಟರೆ ಅಣಿ ತಾನೇ ಹೋಗಿ ಎಲ್ಲವನ್ನೂ ಹಾಗೇ ಸಜ್ಜು ಮಾಡಿ ಬರುತ್ತದೆ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು, ಆದರೆ ಒಬ್ಬರ ತಿದ್ದುಪಡಿಗೆ ಇನ್ನೊಬ್ಬರು ಸರಿ ಅನ್ನದೆ ಒಂದು ಚುಕ್ಕೆಯೂ ಒಳಗೆ ಹೋಗುವಂತಿಲ್ಲ, ಗೂಬೆಯದೇ ಕಟ್ಟಳೆ. ಶುರುವಿನಲ್ಲಿ ಅವಳು ಭದ್ರತೆ ಭದ್ರತೆ ಎಂದು ಹುಮ್ಮಸ್ಸಿನಿಂದ ಸರ್ವರಿನ ಬಾಗಿಲುಗಳನ್ನೆಲ್ಲ ಮುಚ್ಚಿಸುವ ಸಾಲು ಬರೆದಾಗ, ಅಲ್ಲ ತಾಯಿ, ನೀನು ಒಳಗೆ ಹೋಗೋ ಬಾಗಿಲನ್ನೂ ಮುಚ್ಚಿದ್ದೀಯಲ್ಲ, ನಾಳೆ ಚಾವಣಿ ಹತ್ತಿ ಇಳೀತೀಯಾ, ಎಂದು ಬರೆದಿದ್ದರು, ಅವಳು ಬಿದ್ದು ಬಿದ್ದು ನಕ್ಕಿದ್ದಳು, ಗಂಡ ಬಾಗಿಲಲ್ಲಿ ಇಣುಕಿ, ಏನೇ, ಒಬ್ಬಳೇ ನಗ್ತಿದ್ದೀಯ, ಮತ್ತೆ ಗೂಬೆನಾ ಎಂದಿದ್ದ. ಹೌದು ಗೂಬೆಯೇ, ಹೆರಿಗೆಯಾಗಿ ಅವಳು ಬಾಣಂತಿ ಹಾಸಿಗೆಯಿಂದಲೇ ತಿದ್ದುಪಡಿ ಕಳಿಸಿದರೆ, ಕೆಲಸ ಚೆನ್ನಾಗಿದೆ, ಆದ್ರೆ ಸರಿ ಅನ್ನಲ್ಲ, ಮಲ್ಕೋ ಹೋಗು, ಅಣಿ ಎಲ್ಲೂ ಓಡಿಹೋಗಲ್ಲ ಎಂದು ಹಿಂದಿರುಗಿಸಿದವರು, ಹೆತ್ತಪ್ಪನೂ ಹಾಗೆ ಗದರಿರಲಿಲ್ಲ.

ಈಗ ಸರಿ ಅನ್ನಬೇಕಾದವಳು ಅವಳು. ಅನ್ನಲಿಲ್ಲ. ಸಾಲಿನ ಕೊನೆಗೆ ಒಂದು ಸ್ಪೇಸ್ ಜಾಸ್ತಿಯಾಗಿದೆ ಎಂದು ಹಿಂದಕ್ಕೆ ಕಳಿಸಿದಳು, ತಿದ್ದಿ ಬಂತು, ವಿವರಣೆ ಸಾಲದು ಎಂದಳು, ಬರೆದು ಬಂತು, ವಿವರಣೆಯಲ್ಲಿ ಕಾಮಾ ಬಿಟ್ಟಿದ್ದೀರಿ — ಕಾಮಾ! ಇವಳೇ ಎಂದಾದರೂ ನೆಟ್ಟಗೆ ಹಾಕಿದವಳಾ — ಅದೂ ತಿದ್ದಿ ಬಂತು, ಹೀಗೇ ಕೊಂಕು ತೆಗೆಯುತ್ತ ಹೋದರೆ ಗೂಬೆ ಇಲ್ಲೇ ಇದ್ದ ಹಾಗೆ, ಹೆಸರೂ ಇಲ್ಲೇ, ಜಗಳವೂ ಇಲ್ಲೇ, ಪ್ರೀತಿ ಅಂದಮೇಲೆ ಇಷ್ಟಾದರೂ ಹಠ ಬೇಡವಾ ಎಂದುಕೊಂಡಿದ್ದಳು, ಈ ಬೆಳಿಗ್ಗೆ ಫೋನು ಬರುವ ತನಕ. ಹೆಂಗಸಿನ ದನಿ, ನಾನಮ್ಮ, ನಿಮ್ಮ ಗೂಬೆಯ ಮನೆಯವಳು, ಬೇಜಾರು ಮಾಡ್ಕೋಬೇಡ, ಇವ್ರಿಗೆ ಅಕ್ಷರ ಒಂದೂ ಕಾಣಲ್ಲ, ಪರದೆ ಮೇಲೆ ನಾನೇ ಬೆರಳಿಟ್ಟು ಒಂದೊಂದಾಗಿ ಓದಿ ಹೇಳ್ತೀನಿ, ನಂಗೆ ಈ ಕೋಡು ಗೀಡು ಏನೂ ತಿಳಿಯಲ್ಲ, ಆ ಕಾಮಾ ಎಲ್ಲಿ ಅಂತ ಹುಡುಕೋಕೆ ಒಂದು ಮಧ್ಯಾಹ್ನ ಪೂರ್ತಿ ಹಿಡೀತು, ಇನ್ನೂ ತಪ್ಪಿದ್ರೆ ಎಲ್ಲಾ ಒಟ್ಟಿಗೇ ಹೇಳಿಬಿಡಮ್ಮ, ಇವ್ರು ನೋಡಿದ್ರೆ, ಸುಮ್ನೆ ಬಿಡೋಳಲ್ಲ ಅವಳು, ನಾನೇ ಕಲಿಸಿದ್ದು ಅಂತ ಹಿಗ್ತಾರೆ, ನಂಗೆ ಮಾತ್ರ ಕಣ್ಣು ಉರಿಯತ್ತೆ.

ಹಿಗ್ಗುತ್ತಾರಂತೆ. ಇಲ್ಲಮ್ಮ ಏನೂ ತಪ್ಪಿಲ್ಲ, ಇವತ್ತೇ ಮುಗಿಸ್ತೀನಿ ಎಂದಳು, ಹಾಗಂದು ಎಷ್ಟು ಹೊತ್ತಾಯಿತು, ಗಂಡ ಚಹಾ ತಂದಿಟ್ಟು, ಇನ್ನೂ ಹಿಡ್ಕೊಂಡಿದ್ದೀಯಾ ಅವ್ರನ್ನ ಎಂದ, ಹೌದು ಹಿಡ್ಕೊಂಡಿದ್ದೀನಿ, ಏನೀಗ, ಎಂದು ರೇಗಲು ಹೊರಟವಳ ಕಣ್ಣಿಗೆ ಕಟ್ಟಿದ್ದು ಆಕೆಯ ಬೆರಳು, ತಲೆಬುಡ ತಿಳಿಯದ ಸಾಲಿನ ಕೆಳಗೆ ಅಕ್ಷರ ಬಿಟ್ಟು ಅಕ್ಷರಕ್ಕೆ ಸರಿಯುವ ಬೆರಳು, ಗಂಡನಿಗಾಗಿ, ಇವಳ ಹಠಕ್ಕಾಗಿ, ಅಯ್ಯೋ ದೇವರೇ — ಏನೇನೋ ಬರೆದಳು, ನೀವಿಲ್ಲದಿದ್ದರೆ ನನಗೆ ಬೈಯುವವರು ಯಾರು, ನನಗೆ ಭಯವಾಗುತ್ತದೆ, ನಿಮ್ಮನ್ನು ಕಂಡರೆ ನನಗೆ ಪ್ರಾಣ, ಕಾಣದೆಯೇ ಪ್ರಾಣ — ಇಷ್ಟುದ್ದ ಬರೆದರೆ ಇಷ್ಟನ್ನೂ ಆಕೆಯೇ ಓದಬೇಕು, ಬೆರಳಿಟ್ಟು, ಕಣ್ಣುರಿಸಿಕೊಂಡು, ಎಲ್ಲ ಅಳಿಸಿದಳು, ಸರಿ ಎಂದಷ್ಟೇ ಬರೆದಳು, ಒತ್ತಿದಳು, ಕೆಂಪು ಸಾಲು ಹೋಯಿತು, ಅಲ್ಲಿ ಈಗ ಪರದೆ ಬೆಳಗಿರುತ್ತದೆ, ಏನಂತೆ, ಏನಂತೆ ಎಂದು ಅವರು ಪಕ್ಕದಲ್ಲೇ ಕಿವಿಯಾಗಿ ಕೂತಿರುತ್ತಾರೆ, ಆಕೆ ಬೆರಳಿಟ್ಟು ಸ ಎನ್ನುತ್ತಾಳೆ, ರಿ ಎನ್ನುತ್ತಾಳೆ, ಇನ್ನೂ ಏನಾದರೂ ಬರೆದಿದ್ದಾಳಾ ನೋಡು ಎನ್ನುತ್ತಾರೆ ಅವರು, ಬೆರಳು ಮುಂದಕ್ಕೆ ಸರಿಯುತ್ತದೆ, ಖಾಲಿ, ಇನ್ನೂ ಮುಂದಕ್ಕೆ, ಖಾಲಿ, ಆದರೂ ಬೆರಳು ಸರಿಯುತ್ತಲೇ ಇರುತ್ತದೆ.