ಚೋರ್ಲ್ಟನ್ನಿನ ಬಾಗಿದ ಓಣಿ

ಇಂಗ್ಲಂಡಿಗೆ ಹೋಗಿ ಬಂದವರೆಲ್ಲ ಜಾಣರಾಗಿದ್ದರೆ ನನ್ನಂಥವರು ಎಂದೋ ಮುಳುಗಬೇಕಿತ್ತು. ನಮ್ಮ ಪುಣ್ಯ, ಹಾಗಾಗಲಿಲ್ಲ.

ಮುಂಬಯಿ ಸರಕಾರದ ಕಾಲ. ಕೃಷ್ಣೆ ಉಕ್ಕಿ ರಬಕವಿಯ ಹೊಳೆಕಡೆಯ ಓಣಿ ಕುಸಿದಿತ್ತು. ನಲವತ್ತು ನೇಕಾರ ಮನೆತನಗಳಿಗೆ ದಿಬ್ಬದ ಮೇಲೆ ಮನೆ ಕಟ್ಟಿಸಲು ಸೊಸೈಟಿ ಮಾಡಿದೆವು. ಸೀರೆ ವ್ಯಾಪಾರಿ ಗಿರಿಮಲ್ಲಪ್ಪ, ಅಂದರೆ ನಾನು, ಅದರ ಅಧ್ಯಕ್ಷ. ಹೊಸದಾಗಿ ತರಿಸಿದ ನನ್ನ ಹನ್ನೆರಡು ಪಾವರ್‌ಲೂಮ್‌ಗಳು ಆಳಿಲ್ಲದೆ ಧೂಳು ತಿನ್ನುತ್ತಿದ್ದವು. ಮನೆಯಲ್ಲೇ ಕೈಮಗ್ಗ ಇದ್ದವನು ಇನ್ನೊಬ್ಬನ ಕೈಕೆಳಗೆ ಯಾಕೆ ಬಂದಾನು? ಆ ಸೊಕ್ಕು ನೋಡಿ ನನಗೆ ಮೈ ಉರಿಯುತ್ತಿತ್ತು.

ನಕ್ಷೆ ಹಾಕಲು ಜಮಖಂಡಿಯಿಂದ ಇಂಜಿನಿಯರ್ ಕೃಷ್ಣಾಜಿ ಸಾಹೇಬರು ಬಂದರು. ಮ್ಯಾಂಚೆಸ್ಟರಿನಲ್ಲಿ ಓದುವಾಗ ಚೋರ್ಲ್ಟನ್ ಎಂಬ ಉಪನಗರದಲ್ಲಿ ಇದ್ದವರು. ನೇಕಾರರನ್ನೆಲ್ಲ ಮಠದಲ್ಲಿ ಸೇರಿಸಿ, ಕಟ್ಟೆಯ ಮೇಲೆ ಸುಣ್ಣದಿಂದ ಬರೆದು ಅದರ ಚರಿತ್ರೆಯನ್ನೇ ಹೇಳಿದರು: ಮೊದಲು ಮರ್ಸಿ ಹೊಳೆಯ ಪಕ್ಕ ಕಾಯಿಪಲ್ಲೆ ಬೆಳೆಯುವ ಹಳ್ಳಿ, ಆಮೇಲೆ ರೈಲು, ಆಮೇಲೆ ಪಟ್ಟಣದ ಗುಮಾಸ್ತರ ಸಾಲುಮನೆ, ಕೊನೆಗೆ ಕುಡುಗೋಲಿನಂತೆ ಬಾಗಿದ ರಸ್ತೆಗಳ, ಗಿಡಮರಗಳ ಬಡಾವಣೆ.

"ಇಲ್ಲೂ ಹಂಗ ಮಾಡೂಣು. ನೆಟ್ಟಗಿನ ಓಣಿ ಅಂದ್ರ ಜೈಲಿದ್ದಂಗ," ಎಂದರು.

ಹೆಂಗಸರ ಸಾಲಿನಿಂದ ನೇಕಾರ ಮುದಕಪ್ಪನ ಹೆಂಡತಿ ಶಿವಗಂಗವ್ವ ಎದ್ದಳು. "ಸಾಹೇಬ್ರ, ನಮಗ ನೆಟ್ಟಗಿನ ಓಣಿನ ಬೇಕ್ರಿ. ಹಾಸಿನ ನೂಲು ಓಣಿ ಉದ್ದಕ ಬಿಗದು ಕಟ್ಟಿ ಗಂಜಿ ಹಚ್ಚಬೇಕು, ಅಂದ್ರನ ಮಗ್ಗಕ್ಕ ಏರತೈತಿ. ಬಾಗಿದ ಓಣ್ಯಾಗ ಹೆಂಗ ಎಳಿಯೂದು?"

ಸಾಹೇಬರು ನನ್ನ ಮುಖ ನೋಡಿದರು. ಆಹಾ! ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು.

"ಅದು ಹಳೇ ಪದ್ಧತಿರೀ. ಇನ್ನ ಮ್ಯಾಲ ಗಂಜಿ ಹಚ್ಚಿದ ತಯಾರ ಹಾಸು ಸೊಲ್ಲಾಪುರದಿಂದ ನಾನ ತರಸ್ತೀನಿ," ಎಂದೆ.

"ಸುಮ್ಮ ಕುಂದರಬೇ!" ಮುದಕಪ್ಪ ಹೆಂಡತಿಯನ್ನು ಗದರಿದ. "ಸಾವಕಾರ್ರಿಗಿಂತ ನಿನಗ ಹೆಚ್ಚಿಗಿ ತಿಳೀತೈತೇನ?"

ವರ್ಷದಲ್ಲಿ ಮನೆಗಳೆದ್ದವು. ಬಾಗಿದ ಓಣಿಯಲ್ಲಿ ಹಾಸು ಎಳೆದರೆ ನೂಲು ಗೋಡೆಯ ಮೂಲೆಗೆ ಉಜ್ಜಿ ಪಟಪಟ ಹರಿಯಿತು. ಆಚೆಯ ಬಯಲು ನನ್ನದೇ, ಅಲ್ಲೂ ಹಾಸು ಎಳೆಯದಂತೆ ಮುಳ್ಳುಬೇಲಿ ಹಾಕಿಸಿದೆ. ಮುದಕಪ್ಪ ಅಂಗಡಿಗೆ ಬಂದು, "ಸಾವಕಾರ್ರ, ಆ ತಯಾರ ಹಾಸು ಯಾವಾಗ ಬರ್ತಾವ್ರಿ?" ಎಂದು ಮೂರು ಸಲ ಕೇಳಿದ. ಮೂರನೆಯ ಸಲ ನಕ್ಕುಬಿಟ್ಟೆ. ಆಗ ಅವನಿಗೆ ತಿಳಿಯಿತು. ಮರುದಿನ ಪಾವರ್‌ಲೂಮಿಗೆ ಬಂದ. ಅವನ ಹಿಂದೆ ಉಳಿದವರೂ ಬಂದರು.

ದೀಪಾವಳಿಯ ಮುಂದೆ ಸಾಹೇಬರು ಬಡಾವಣೆ ನೋಡಲು ಬಂದರು. ಬೇವಿನ ಸಸಿಗಳು ಚಿಗುರಿದ್ದವು. ಓಣಿಯ ನಡುವೆ ಕಿವಿಗೊಟ್ಟು ನಿಂತು ಹಿಗ್ಗಿದರು. "ಥೇಟ್ ಚೋರ್ಲ್ಟನ್! ಒಂದೂ ಮಗ್ಗದ ಸಪ್ಪಳಿಲ್ಲ ನೋಡ್ರಿ, ಎಷ್ಟ ಶಾಂತ!"

ಬಾಗಿಲಲ್ಲಿದ್ದ ಶಿವಗಂಗವ್ವ ಅವರನ್ನು ನೋಡಲೇ ಇಲ್ಲ, ನನ್ನನ್ನೇ ನೋಡಿದಳು. "ನಾ ಖರೆ ಹೇಳಿದ್ದೆ, ನನ್ನ ಗಂಡ ನಂಬಲಿಲ್ಲ. ನೀವು ಸುಳ್ಳು ಹೇಳಿದ್ರಿ, ನಂಬಿದ. ನಿಮ್ಮ ಮನಿ ಹಾಳಾಗಲಿ, ಸಾವಕಾರ್ರ."

ಬೈಯಲಿ, ಬೈಗುಳ ಮೈಗೆ ಹತ್ತುತ್ತದೆಯೇ? "ನೂಲಿನ ಕಂಡಿಕಿ ಸುತ್ತಾಕ ಒಬ್ಬಾಕಿ ಬೇಕಾಗ್ಯಾಳ. ಸೋಮವಾರ ಏಳಕ್ಕ ಬಾ," ಎಂದೆ.

ಆರೂವರೆಗೇ ಬಂದು ನಿಂತಿದ್ದಳು.