ಬೇಸಿಗೆಗೆ ಮಲಗುವ ಹೂ

ಉಮಾನಾಥ ಎರಡನೆಯ ಚೀಲವನ್ನು ಗುಂಡಿಯ ಅಂಚಿಗೆಳೆದು ಬಾಯಿ ಬಿಚ್ಚಿದ. ಒಳಗಿನ ಮಣ್ಣು ಕಪ್ಪಗೆ, ಹಿಟ್ಟಿನಂತೆ ನುಣ್ಣಗಿತ್ತು. ಸಂಭಾಜಿನಗರದ ಈ ರುದ್ರಭೂಮಿಯಲ್ಲಿ ಅಂಥ ಮಣ್ಣೆಲ್ಲಿ? ಅಗೆದಷ್ಟೂ ಗರಸು. ಗುಂಡಿಯೊಳಗೆ ನೀಲಾಂಬಿಕಾ ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಕಾಲು ಮಡಚಿ ಕೂತಿದ್ದಳು. ಮೈಗೆ ತಾಗುವ ಮಣ್ಣು ಮೆತ್ತಗಿರಬೇಕೆಂದು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಹೇಳಿದ್ದರಿಂದ ಮೊದಲ ಚೀಲ ಆಗಲೇ ಅವಳ ಮಡಿಲು ತುಂಬಿತ್ತು.

“ಇಂಥಾ ಛಲೋ ಮಣ್ಣು ಎಲ್ಲಿ ಸಿಕ್ತೋ?” ಎಂದರು ಅಯ್ಯನವರು.

“ದೊಡ್ಡವ್ವನ ಕುಂಡದಾಗಿಂದ್ರಿ. ಗಿಡ ಎಲ್ಲಾ ಒಣಗಿ ಸತ್ತಿದ್ವು. ಆಕಿ ಮಣ್ಣು ಆಕಿಗೇ ಇರಲಿ ಅಂತ ಎಂಟೂ ಕುಂಡ ಚೀಲಕ್ಕ ಸುರುವಿದೆ.”

ನೀಲಾಂಬಿಕಾಳ ತಂಗಿಯ ಮಗ ಉಮಾನಾಥ ವಾಳೂಜಿನ ಕಂಪನಿಯೊಂದರಲ್ಲಿ ದುಡಿಯುವವನು. ಸಾವಿನ ಮನೆಯ ಕೆಲಸವೆಲ್ಲ ಅವನೇ ಹೊತ್ತಿದ್ದ. ಬೆಳಗಿನ ಬಸ್ಸಿಗೆ ನಾಸಿಕದಿಂದ ಬಂದಿದ್ದ ಅವಳ ಒಬ್ಬಳೇ ಮಗಳು ಮಂಜುಳಾ ಬಗ್ಗಿ ನೋಡಿದಳು. ಹಸಿಶುಂಠಿಯಂಥ ಗಂಟುಗಂಟು ಗಡ್ಡೆಯೊಂದು ಉರುಳಿ ಅವ್ವನ ಮೊಣಕಾಲಿಗೆ ತಾಗಿ ನಿಂತಿತ್ತು. ಅದು ಸತ್ತಿಲ್ಲವೆಂದು ಅವಳಿಗೆ ಗೊತ್ತು. ಹೇಗೆ ಗೊತ್ತು ಎಂದು ಹೇಳಹೋದರೆ ಮಾತ್ರ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು.

*

ಬಿಳಿ ಹಾಳೆಯನ್ನು ಸುರುಳಿ ಸುತ್ತಿ ನಡುವೆ ಹಳದಿ ಬತ್ತಿ ನಿಲ್ಲಿಸಿದಂಥ ಹೂ, ಕ್ಯಾಲಾ ಲಿಲಿ. ಚಿಕಲಠಾಣಾದ ಬಂಗಲೆಯೊಂದರಲ್ಲಿ ನೀಲಾಂಬಿಕಾ ಕೈತೋಟ ನೋಡುತ್ತಿದ್ದಾಗ, ಅಲ್ಲಿನ ಅಮ್ಮನವರು ವರ್ಗವಾಗಿ ಹೋಗುತ್ತ ಒಂದು ಗಡ್ಡೆ ಕೊಟ್ಟಿದ್ದರು. ಆ ಒಂದೇ ಗಡ್ಡೆ ಬೆಳೆದು ಎಂಟು ಕುಂಡವಾಯಿತು. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು, ತೇವ ಆರದ ಮಣ್ಣು. ವಾಸನೆಯಿಲ್ಲದ ಹೂ ಯಾಕೆ ಬೇಕೆಂದು ಓಣಿಯವರು ಕೇಳಿದರೆ, ನೋಡುವುದಕ್ಕೆ ಎನ್ನುತ್ತಿದ್ದಳು. ಹೂ ಮುಗಿದು ಎಲೆ ಹಳದಿಯಾದೊಡನೆ ನೀರು ನಿಲ್ಲಿಸಿ, ಇನ್ನು ಮಲಗಲಿ ಎಂದು ಕುಂಡಗಳನ್ನು ಮಂಚದ ಕೆಳಗೆ ತಳ್ಳುತ್ತಿದ್ದಳು.

ಮಗಳ ಮನೆಗೂ ಎರಡು ಕುಂಡ ಬಂದವು. ಬೇಸಿಗೆಗೆ ಎಲೆ ಹಳದಿಯಾಗುತ್ತಲೇ ಮಂಜುಳಾ ಗಾಬರಿಯಾಗಿ ಎರಡು ಹೊತ್ತು ನೀರು ಹೊಯ್ದಳು. ಎಲೆ ಪೂರ್ತಿ ಬಿದ್ದ ಮೇಲೆ ಮಣ್ಣುಸಮೇತ ಕಸದ ಗಾಡಿಗೆ ಸುರುವಿದಳು. ಅವ್ವ ಫೋನಿನಲ್ಲಿ ಹೂವಿನ ಸುದ್ದಿ ಕೇಳಿದಾಗ, ಚೆನ್ನಾಗಿವೆ ಎಂದುಬಿಟ್ಟಳು. ಅಂಗಡಿಯಿಂದ ಮೂರು ಹೂ ತಂದು, ಖಾಲಿ ಕುಂಡಕ್ಕೆ ಬೇರೆ ಮಣ್ಣು ತುಂಬಿ, ಅದರಲ್ಲಿ ಬರೀ ದಂಟು ನೆಟ್ಟು ಫೋಟೋ ಕಳಿಸಿದಳು.

“ನಮ್ಮವು ಮಲಗ್ಯಾವ. ನಿನ್ನವು ಇನ್ನೂ ಎಚ್ಚರ ಅದಾವಲ್ಲ?”

“ನಾಸಿಕ ತಂಪು ಐತಲ್ಲವ್ವಾ.”

“ಹಂಗಾರ ಛಲೋ ಆತು,” ಎಂದಳು ಅವ್ವ.

*

ಉಮಾನಾಥ ಚೀಲದ ತಳಕ್ಕೆ ಕೈಕೊಟ್ಟು ಎತ್ತಿದ.

“ಸುರುವಬ್ಯಾಡೋ,” ಎಂದಳು ಮಂಜುಳಾ. “ಅವು ಸತ್ತಿಲ್ಲ.”

“ಒಂದೆಲಿ ಸುದ್ದಾ ಇರಲಿಲ್ಲಕ್ಕಾ. ನಿನಗ್ಹೆಂಗ ಗೊತ್ತು?”

ವಚನ ಹೇಳುತ್ತಿದ್ದವರು ನಿಲ್ಲಿಸಿ ಇತ್ತ ನೋಡಿದರು. ಮಂಜುಳಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ನಾನೂ ಹಿಂಗ ಸತ್ತಾವ ಅಂತ ಒಗದೆ. ಬ್ಯಾಸಿಗಿಗೆ ಮಲಗತಾವ ಅಂತ ಆಮ್ಯಾಲೆ ಅವ್ವನ ಮಾತಿನಾಗ ತಿಳೀತು. ಅವ್ವಗ ಕಳಿಸಿದ ಫೋಟೋದಾಗಿನ ಹೂ ಅಂಗಡ್ಯಾನವು.”

ಇಪ್ಪತ್ತು ವರ್ಷ ನೀಲಾಂಬಿಕಾಳ ಜೊತೆ ಇಟ್ಟಿಗೆ ಹೊತ್ತಿದ್ದ ಲಕ್ಷ್ಮವ್ವ ಮೂಗು ಒರೆಸಿಕೊಂಡಳು.

“ಆ ಫೋಟೋ ನನಗ ತೋರಿಸಿ ಹೊಟ್ಟಿ ಹಿಡಕೊಂಡು ನಕ್ಕಿದ್ಲವ್ವಾ. ಹೂ ಚುಚ್ಚ್ಯಾಳ, ಎಲಿ ಹಚ್ಚೂದು ಮರ್ತಾಳ ನನ್ನ ಮಗಳು, ಅಂದ್ಲು.”

ಮಂಜುಳಾಗೆ ನಗು ಬಂತೋ ಅಳು ಬಂತೋ, ಬಾಯಿಗೆ ಸೆರಗು ಒತ್ತಿಕೊಂಡು ಕುಕ್ಕರಿಸಿದಳು. ಒಳಗಿಳಿದು ಮೊದಲ ಚೀಲದ ಗಡ್ಡೆಗಳನ್ನೂ ತೆಗೆಯಲೇ ಎಂದು ಉಮಾನಾಥ ಕೇಳಿದ. ಅಯ್ಯನವರು ಬೇಡವೆಂದು ಕೈಯಾಡಿಸಿದರು. ಮಡಿಲಿಗೆ ಬಿದ್ದದ್ದು ಅವಳದು ಎಂದರು. ಆಮೇಲೆ ಧೋತರ ಎತ್ತಿಕಟ್ಟಿ ತಾವೇ ಚೀಲದ ಮುಂದೆ ಕೂತರು. ಲಕ್ಷ್ಮವ್ವ ಕೂತಳು, ಹೊತ್ತು ತಂದವರೂ ಕೂತರು. ಎಲ್ಲರೂ ಹಿಡಿಹಿಡಿ ಮಣ್ಣನ್ನು ಬೆರಳಲ್ಲಿ ಪುಡಿಮಾಡಿ ಹುಡುಕತೊಡಗಿದರು. ನೀಲಾಂಬಿಕಾ ಸೊಂಟದವರೆಗೆ ಮಣ್ಣು ಹೊದ್ದು, ಕಣ್ಣುಮುಚ್ಚಿ, ಇವರ ಕೆಲಸ ಮುಗಿಯಲೆಂಬಂತೆ ಕೂತಿದ್ದಳು.

ಅಯ್ಯನವರಿಗೊಂದು ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿಂದ ಮಣ್ಣು ಒರೆಸಿ, ಆಕಡೆ ಈಕಡೆ ಹೊರಳಿಸಿದರು.

“ತಂಗಿ, ಇದರ ಮುಖ ಯಾವ ಕಡೆ?”

ಅದು ಮಂಜುಳಾಗೂ ಗೊತ್ತಿರಲಿಲ್ಲ. ಇಬ್ಬರೂ ಅದನ್ನು ಬಿಸಿಲಿಗೆ ಹಿಡಿದು, ತಲೆಗೆ ತಲೆ ತಾಗುವಷ್ಟು ಬಗ್ಗಿ, ಮೊಳಕೆಯ ಕಣ್ಣು ಹುಡುಕಿದರು.