ಶಾಸಕಿಗೆ ಎದುರಾದ ಖಾಲಿ ಕೊಡ

ಎರಡು ಸಲ ಶಿರಸಿ ನಗರಸಭೆಗೆ ನಮ್ಮ ವಾರ್ಡಿನಿಂದ ಗೆದ್ದಿದ್ದ ಮೋಹಿನಿ ಅಕ್ಕ ಈ ಸಲ ಶಾಸಕಿಯಾದರು. ನಾವೇ ಮನೆಮನೆ ತಿರುಗಿ ಓಟು ಕೇಳಿದ್ದೆವು. ಅವರು ವಾರ್ಡಿನ ಸ್ಥಾನ ಬಿಟ್ಟ ಮೇಲೆ ನಲ್ಲಿ ನೀರಿನ ಬಗ್ಗೆ ಕೇಳುವವರೇ ಇಲ್ಲವಾದರು. ಮೊದಲಾದರೆ ನೀರು ಬಿಡುವವನ ಎದುರು ಅವರೇ ಬಂದು ನಿಲ್ಲುತ್ತಿದ್ದರು.

ನಲ್ಲಿಯಲ್ಲಿ ನೀರು ನಿಂತಿತು; ಮೂರು ದಿನ ಕಾದೆವು. ಮಕ್ಕಳ ಡಬ್ಬಿಗೆ ಅನ್ನ ಮಾಡಲೂ ನೀರಿಲ್ಲದಾಗ ನಾನು, ಪಕ್ಕದ ಮನೆಯ ಅಫ್ಸಾನಾ ಕೊಡ ಹಿಡಿದೇ ಅವರ ಮನೆಗೆ ಹೋದೆವು. ಪ್ರಮಾಣವಚನಕ್ಕೆ ಬೆಂಗಳೂರಿಗೆ ಹೊರಟಿದ್ದ ಅಕ್ಕ ಮೆಟ್ಟಿಲು ಇಳಿಯುತ್ತಿದ್ದರು.

“ಎಂತದು ಮಾರಾಯ್ತಿ! ಹೊರಟವರ ಎದುರಿಗೆ ಖಾಲಿ ಕೊಡ ಹಿಡ್ಕೊಂಡು ಬರೋದಾ?” ಅವರ ಅತ್ತೆ ಕೂಗಿದರು.

“ತುಂಬಿದ ಕೊಡ ಇದ್ದಿದ್ರೆ ನಾವ್ಯಾಕೆ ಬರ್ತಿದ್ವಿ ಅಮ್ಮಾ?” ಎಂದಳು ಅಫ್ಸಾನಾ.

ಅಕ್ಕ ಗಡಿಯಾರ ನೋಡಿಕೊಂಡರು. “ವಾಪಸ್ ಬಂದವಳೇ ನೋಡ್ತೆ.”

ಅತ್ತೆ ಗಡಿಬಿಡಿಯಲ್ಲಿ ಅಂಗಳದ ಟ್ಯಾಂಕಿನಿಂದ ಎರಡೂ ಕೊಡ ತುಂಬಿಸಿದರು. ಗೇಟಿನಾಚೆ ಹೋಗಿ ಮತ್ತೆ ಎದುರಿಗೆ ನಡೆದು ಬರಲು ಹೇಳಿದರು. ಹಾಗೇ ಮಾಡಿದೆವು. ಶಕುನ ಒಳ್ಳೆಯದಾಯಿತೆಂದು ಕಾರು ಹೊರಟಿತು.

ಕೊಡ ಸೊಂಟಕ್ಕೇರಿಸಿ ಮರಳುವಾಗ ಅಫ್ಸಾನಾ ಕೇಳಿದಳು: “ನಾಳೆ ಆ ಮನೆಯಿಂದ ಯಾರು ಹೊರಡ್ತಾರೆ, ವಿಚಾರಿಸಿದ್ಯಾ?”